ಬೆಟ್ಟದ ಬಾಯೊಳಗೆ ಅಡಗಿದವರು

ಮೊನ್ನೆ ನನ್ನ ಮೊಮ್ಮಗ ಕಥೆಯೊಂದನ್ನು ಓದುತ್ತಿದ್ದನು. ಯಾವುದೋ ಅನ್ಯಗ್ರಹ; ಅಲ್ಲಿ ಆರಿದ ಜ್ವಾಲಾಮುಖಿಯ ಕುಳಿಯೊಳಗೆ ದರೋಡೆಕೋರರ ಊರು; ಕಾನೂನೆಂಬುದು ಅಲ್ಲಿ ಹೆಸರಿಗೂ ಇಲ್ಲ. "ತಾತಾ, ಹೀಗೆ ನಿಜವಾಗಿ ಇರಲು ಸಾಧ್ಯವೇ?" ಎಂದು ಕೇಳಿದನು. ಅನ್ಯಗ್ರಹದ ಸಂಗತಿ ಚರಿತ್ರೆಯ ಮೇಷ್ಟ್ರಿಗೆ ನಿಲುಕುವುದಲ್ಲ. ಆದರೆ ಭೂಮಿಯ ಮೇಲಿನ ಅಂಥದೊಂದು ಕುಳಿ, ನನ್ನ ತರಗತಿಯಲ್ಲಿ ಕುಳಿತಿದ್ದ ನಿಮಗೂ ಈಗ ಹೊಳೆದಿರಬಹುದು: ಇಟಲಿಯ ವೆಸೂವಿಯಸ್.

ಕ್ರಿ.ಪೂ. 73ರಲ್ಲಿ ಕಾಪುವಾ ನಗರದ ಗ್ಲಾಡಿಯೇಟರ್ ಶಾಲೆಯಿಂದ ಎಪ್ಪತ್ತೆಂಟು ಮಂದಿ ತಪ್ಪಿಸಿಕೊಂಡರೆಂದು ಪ್ಲುಟಾರ್ಕ್ ಬರೆಯುತ್ತಾನೆ. (ಕೊಲ್ಲುವುದನ್ನು ಕಲಿಸುವ ಜಾಗಕ್ಕೂ ಲ್ಯಾಟಿನ್ನಿನಲ್ಲಿ ಮಕ್ಕಳ ಪಾಠಶಾಲೆಯ ಹೆಸರೇ, ಶಾಲೆಯಲ್ಲಿ ಬದುಕು ಸವೆಸಿದವನಿಗೆ ಇದು ಸ್ವಲ್ಪ ಚುಚ್ಚುತ್ತದೆ.) ಅವರ ಕೈಯಲ್ಲಿದ್ದುದು ಅಡುಗೆಮನೆಯ ಕತ್ತಿಗಳು ಮತ್ತು ಮಾಂಸ ಸುಡುವ ಸಲಾಕೆಗಳು. ನಾಯಕನು ಥ್ರೇಸ್ ದೇಶದ ಸ್ಪಾರ್ಟಕಸ್. ಅವರು ಏರಿ ಕುಳಿತದ್ದು ವೆಸೂವಿಯಸ್ಸಿನ ನೆತ್ತಿಯ ಮೇಲೆ. ಅದು ಬೆಂಕಿಯುಗುಳುವ ಬೆಟ್ಟವೆಂದು ಆಗ ಜನಕ್ಕೆ ಭಯವಿರಲಿಲ್ಲ. ಇಳಿಜಾರಿನ ತುಂಬ ಹೊಲಗಳು. ಬೂದಿಬಣ್ಣದ ನೆತ್ತಿ, ಸುಟ್ಟಂತಿದ್ದ ಬಂಡೆಗಳನ್ನು ಕಂಡು ಹಿಂದೊಮ್ಮೆ ಇಲ್ಲಿ ಬೆಂಕಿಯಿದ್ದಿರಬೇಕೆಂದು ಸ್ಟ್ರಾಬೋ ಊಹಿಸಿದ್ದು ಅನಂತರದ ಮಾತು.

ಮೂರು ಸಾವಿರ ಸೈನಿಕರೊಡನೆ ಬಂದ ರೋಮನ್ ಅಧಿಕಾರಿ ಗ್ಲಾಬರ್, ಮೇಲಕ್ಕಿದ್ದ ಒಂದೇ ಇಕ್ಕಟ್ಟಿನ ದಾರಿಗೆ ಕಾವಲು ಹಾಕಿ ಕುಳಿತನು. ಹಸಿವೇ ಕೆಲಸ ಮುಗಿಸಲಿ ಎಂಬುದು ಅವನ ಲೆಕ್ಕ. ಮೇಲಿದ್ದವರು ಕಾಡುದ್ರಾಕ್ಷಿಯ ಬಳ್ಳಿಗಳನ್ನು ಕೊಯ್ದು, ಏಣಿಗಳನ್ನು ಹೆಣೆದು, ಕಾವಲಿಲ್ಲದ ಕಡಿದಾದ ಬಂಡೆಯಿಂದ ಒಬ್ಬೊಬ್ಬರಾಗಿ ಇಳಿದರು. ಕೊನೆಯವನೊಬ್ಬ ಮೇಲೆ ಉಳಿದು ಆಯುಧಗಳನ್ನೆಲ್ಲ ಕೆಳಕ್ಕೆ ಎಸೆದು ತಾನೂ ಇಳಿದನಂತೆ. ಈ ಕೊನೆಯವನ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ರೋಮನ್ನರ ಪಾಳೆಯ ಹಿಂದಿನಿಂದ ಬಿದ್ದ ಏಟಿಗೆ ಚೆಲ್ಲಾಪಿಲ್ಲಿಯಾಯಿತು. ಸುತ್ತಲಿನ ದನಗಾಹಿಗಳೂ ಕುರುಬರೂ ಬಂದು ಸೇರಿಕೊಂಡರು.

ಇದು ಕಾನೂನಿಲ್ಲದ ಕುಳಿಯೇ? ದೋಚಿದ್ದನ್ನು ಸ್ಪಾರ್ಟಕಸ್ ಸಮನಾಗಿ ಹಂಚುತ್ತಿದ್ದನೆಂದು ಅಪ್ಪಿಯನ್ ಹೇಳುತ್ತಾನೆ. ಮುಂದೆ ಥೂರಿ ಎಂಬಲ್ಲಿ ವರ್ತಕರು ಚಿನ್ನ ಬೆಳ್ಳಿ ತರಕೂಡದು, ತನ್ನವರು ಇಟ್ಟುಕೊಳ್ಳಲೂ ಕೂಡದೆಂದು ಕಟ್ಟಪ್ಪಣೆ ಮಾಡಿದನು. ಕೊಂಡದ್ದು ಕಬ್ಬಿಣ, ಹಿತ್ತಾಳೆ ಮಾತ್ರ. ಹಾಗೆಂದು ಅವರನ್ನು ಸಂತರೆನ್ನಲಾಗದು. ಹಳ್ಳಿಗಳಲ್ಲಿ ಅತ್ಯಾಚಾರ, ಕೊಲೆ ನಡೆದವು. ಸತ್ತ ಗೆಳೆಯ ಕ್ರಿಕ್ಸಸನ ನೆನಪಿಗೆ ಮುನ್ನೂರು ಸೆರೆಯಾಳುಗಳನ್ನು ಬಲಿಗೊಟ್ಟರು. ಇನ್ನು ಕಾನೂನಿನ ಕಡೆಯ ಕ್ರಾಸಸ್, ಯುದ್ಧದಲ್ಲಿ ಓಡಿಬಂದ ತನ್ನದೇ ಐನೂರು ಸೈನಿಕರನ್ನು ಹತ್ತು ಹತ್ತರ ಗುಂಪು ಮಾಡಿ, ಚೀಟಿಯೆತ್ತಿಸಿ, ಗುಂಪಿಗೊಬ್ಬನಂತೆ ಕೊಲ್ಲಿಸಿದನು. ಕ್ರಿ.ಪೂ. 71ರಲ್ಲಿ ದಂಗೆ ಅಡಗಿದ ಮೇಲೆ ಕಾಪುವಾದಿಂದ ರೋಮಿನವರೆಗೆ ದಾರಿಯುದ್ದಕ್ಕೂ ಆರು ಸಾವಿರ ಮಂದಿಯನ್ನು ಶಿಲುಬೆಗೇರಿಸಿದರು. ಎಲ್ಲವೂ ಕಾನೂನುಬದ್ಧ.

ಈ ಪಾಠ ಮಾಡುತ್ತಿದ್ದಾಗ ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಅವರು ಬರೆದದ್ದು ಏನೂ ಇಲ್ಲವೇ ಸಾರ್?" ಇಲ್ಲವೆಂದೆ, ಬರೆದವರೆಲ್ಲ ಗೆದ್ದವರ ಲೋಕದವರು, ಪ್ಲುಟಾರ್ಕನಂತೂ ಹುಟ್ಟಿದ್ದೇ ಶತಮಾನದಾಚೆ. ಅವಳು ತುಸು ತಡೆದು, "ನಮ್ಮ ತಾತ ಜೀತ ಬಿಟ್ಟು ಓಡಿಹೋಗಿದ್ದರಂತೆ ಸಾರ್. ಅವರನ್ನೂ ಕಳ್ಳ ಎಂದೇ ಹುಡುಕಿದರಂತೆ" ಎಂದಳು. ಜೀತವನ್ನು ರದ್ದುಗೊಳಿಸಿದ ಕಾಯಿದೆ ಬಂದದ್ದು 1976ರಲ್ಲಿ. ಅದಕ್ಕೆ ಮೊದಲು ಓಡಿದವನು ಕಳ್ಳ, ಆಮೇಲೆ ಓಡಿದವನು ಸ್ವತಂತ್ರ. ಓಡಿದ ಕಾಲುಗಳು ಮಾತ್ರ ಅವೇ. ಅಂದು ಗಂಟೆ ಹೊಡೆದರೂ ತರಗತಿಯಲ್ಲಿ ಯಾರೂ ಏಳಲಿಲ್ಲ.

ಈಗ ಪ್ರವಾಸಿಗರು ಇಣುಕುವ ಕುಳಿ ಸ್ಪಾರ್ಟಕಸ್ ಕಂಡದ್ದಲ್ಲ. ಪಾಂಪೇಯಿಯನ್ನು ಹೂತುಹಾಕಿದ ಕ್ರಿ.ಶ. 79ರ ಸ್ಫೋಟದ ಬಳಿಕ ಬೆಟ್ಟದ ರೂಪವೇ ಬದಲಾಯಿತು. ಕೊನೆಯ ಬಾರಿ ಅದು ಸಿಡಿದದ್ದು 1944ರಲ್ಲಿ. ಹಳೆಯ ಬೆಟ್ಟದ ಅಂಚು ಮಾತ್ರ ಸೊಮ್ಮಾ ಎಂಬ ಹೆಸರಿನಿಂದ ಉತ್ತರ ದಿಕ್ಕಿನಲ್ಲಿ ಇನ್ನೂ ನಿಂತಿದೆ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗಿಬಂದವರಿದ್ದರೆ, ಅಲ್ಲಿ ಕಾಡುದ್ರಾಕ್ಷಿಯ ಬಳ್ಳಿ ಈಗಲೂ ಕಾಣಸಿಗುವುದೇ ಎಂದು ಒಂದು ಸಾಲು ಬರೆದು ತಿಳಿಸಿರಿ.