ಆಗುಂಬೆ ಘಾಟಿಯಲ್ಲಿ ಅಂಬಾಸಿಡರ್, ಫಿಯೆಟ್

ಸೋಮೇಶ್ವರ ದಾಟಿದ್ದೀರಿ. ಕಾಡಿನೊಳಗೆ ಹೊಕ್ಕ ರಸ್ತೆ ಒಮ್ಮೆಲೇ ಮೇಲಕ್ಕೇಳುತ್ತದೆ. ಇನ್ನು 14 ಹೇರ್‌ಪಿನ್ ತಿರುವುಗಳು. ನೀವು ಕೂತಿರುವುದು ಪ್ರೀಮಿಯರ್ ಪದ್ಮಿನಿಯಲ್ಲಿ, ಹಳಬರ ಬಾಯಲ್ಲಿ ಇವತ್ತಿಗೂ ಇದು ಫಿಯೆಟ್ಟೇ. ಹಿಂದೆ ಅಂಬಾಸಿಡರ್ ಬರುತ್ತಿದೆ. ಎರಡರಲ್ಲೂ ಇಬ್ಬಿಬ್ಬರೇ.

ಮೊದಲ ತಿರುವು. ಎಡಗೈ ಸ್ಟೇರಿಂಗ್ ಕೆಳಗಿನ ಗೇರಿಗೆ ಹೋಗಿ ಎರಡಕ್ಕೆ ಎಳೆಯುತ್ತದೆ. 1089 ಸಿಸಿಯ ಪುಟ್ಟ ಇಂಜಿನ್ನು ಚುರುಕಾಗಿ ಕೂಗಿ ಏರುತ್ತದೆ. ಮೂತಿ ಹಗುರ, ತಿರುಗಿಸಿದತ್ತ ತಿರುಗುತ್ತದೆ. ಕನ್ನಡಿಯಲ್ಲಿ ಅಂಬಾಸಿಡರ್ ಹಿಂದೆ ಬಿದ್ದಿಲ್ಲ, ಹತ್ತಿರವೂ ಬಂದಿಲ್ಲ. ಅದು ಹಾಗೇ ಇರಬೇಕು. ಅದರದು 1489 ಸಿಸಿ, ಸುಮಾರು 50 ಅಶ್ವಶಕ್ತಿ, ತೂಕ 1100 ಕಿಲೋ ಮೇಲೆ. ಇದರದು ಸುಮಾರು 40, ತೂಕ 900 ಕಿಲೋ ಒಳಗೆ. ಭಾಗಿಸಿದರೆ ಎರಡಕ್ಕೂ ಟನ್ನಿಗೆ 45ರ ಆಸುಪಾಸು. ಸಿಸಿ ನೋಡಿ ತೀರ್ಪು ಕೊಡುವವರು ಇಲ್ಲೇ ಎಡವುತ್ತಾರೆ.

ಮೇಲೆ ತಲುಪಿ ಬಾನೆಟ್ ಎತ್ತಿ, ಕಾದ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ತಣಿದ ಮೇಲೆ ಕೆಳಗಿಳಿಯುತ್ತೀರಿ. ಈಗ ಎರಡೂ ಕಾರಿಗೆ ಐದೈದು ಜನ, ಡಿಕ್ಕಿಯಲ್ಲಿ ಅಕ್ಕಿ ಮೂಟೆ. ಮತ್ತೆ ಏರು.

ಅದೇ ಫಿಯೆಟ್ಟು, ಅದೇ ತಿರುವು. ಎರಡನೇ ಗೇರಿನಲ್ಲಿ ಇಂಜಿನ್ ಅದುರುತ್ತದೆ, ಕಾಲಡಿಯ ತಗಡು ಗಡಗಡ ಎನ್ನುತ್ತದೆ. "ಒಂದಕ್ಕೆ ಹಾಕಿ ಮಾರಾಯ್ರೇ, ಎಳೆಯುವುದಿಲ್ಲ" ಅನ್ನುತ್ತಾರೆ ಪಕ್ಕದವರು. ಒಂದನೇ ಗೇರಿಗೆ ಸಿಂಕ್ರೋಮೆಶ್ ಇಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಬಿಟ್ಟು, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಹಾಕಬೇಕು. ತಪ್ಪಿದರೆ ಹಲ್ಲು ಕಿರ್ರೆನ್ನುತ್ತದೆ. ಅಷ್ಟರಲ್ಲಿ ಕಾರು ನಿಂತೇಬಿಡುವ ಹಂತಕ್ಕೆ ಬಂದಿರುತ್ತದೆ.

ಹಾರನ್ ಕೇಳಿ ಪಕ್ಕ ಸರಿಯುತ್ತೀರಿ. ಅಂಬಾಸಿಡರ್ ಎರಡರಲ್ಲೇ, ಅವಸರವಿಲ್ಲದ ಗುಡುಗುಡು ಸದ್ದಿನಲ್ಲಿ ಮುಂದೆ ಹೋಗುತ್ತದೆ. ಅದರ ಪಿಸ್ಟನ್ನಿನ ಸ್ಟ್ರೋಕ್ 88.9 ಮಿಲಿಮೀಟರ್, ಫಿಯೆಟ್ಟಿನದು 75. ಹೆಚ್ಚು ಸಿಸಿ, ಉದ್ದ ಸ್ಟ್ರೋಕ್ ಸೇರಿದ ಆ ಮಾರಿಸ್ ಆಕ್ಸ್‌ಫರ್ಡ್ ಕಾಲದ ಇಂಜಿನ್ನು ನಿಧಾನ ಸುತ್ತಿನಲ್ಲೇ ಎಳೆಯುತ್ತದೆ. ಘಾಟಿಯಲ್ಲಿ ಬೇಕಾದದ್ದು ಆ ಎಳೆತ, ಟಾಪ್ ಸ್ಪೀಡಲ್ಲ. ಜನ ತುಂಬಿಸಿ ಓಡಿಸುವ ಟ್ಯಾಕ್ಸಿಯವರು ಅದನ್ನು ನಂಬಿದ್ದು ಸುಮ್ಮನೆ ಅಲ್ಲ. ಆದರೆ ಅದನ್ನು ಓಡಿಸುವವರ ತೋಳನ್ನೂ ನೋಡಿ: ಪವರ್ ಸ್ಟೇರಿಂಗ್ ಇಲ್ಲ, ಪ್ರತಿ ತಿರುವಿನಲ್ಲೂ ಭುಜ ಎತ್ತಿ ಚಕ್ರ ಎಳೆಯಬೇಕು.

ಇಳಿಯುವಾಗ ಲೆಕ್ಕ ಮತ್ತೆ ತಿರುಗುತ್ತದೆ. ಎರಡಕ್ಕೂ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ. ಕಾದರೆ ಪೆಡಲು ಒತ್ತಿದಷ್ಟೂ ಹಿಡಿತ ಕಡಿಮೆ. ಏರಿದ ಗೇರಿನಲ್ಲೇ ಇಳಿಯಿರಿ. ತೂಕದ ಅಂಬಾಸಿಡರಿಗೆ ಈ ಮಾತು ಇನ್ನೂ ಗಟ್ಟಿ. ಅದರಲ್ಲಿ ಕೂತಿದ್ದರೆ ಫಿಯೆಟ್ಟನ್ನು ಮುಂದೆ ಬಿಟ್ಟು, ದೂರ ಇಟ್ಟುಕೊಂಡು ಬನ್ನಿ.