ಹರಿದ ನೂಲು ಮತ್ತು ಔಡಲೆಣ್ಣೆ

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಹಗ್ಗ, ಹುರಿ, ತಾಡಪತ್ರಿ ಮಾರುವ ಅಂಗಡಿಯಲ್ಲಿ ದುಡಿಯುವವರೊಬ್ಬರ ಮಗ ಧಾರವಾಡದಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದ. ಪರೀಕ್ಷೆ ಮುಗಿದ ಮೇಲೆ ಮಗನೂ ಅಂಗಡಿಗೇ ಬರಲಿ ಎಂಬುದು ತಂದೆಯ ಲೆಕ್ಕ. ಪಿಯುಸಿಗೆ ವಿಜ್ಞಾನ ತೆಗೆದುಕೊಳ್ಳಬೇಕೆಂಬುದು ಮಗನ ಆಸೆ. "ವಿಜ್ಞಾನ ಪ್ರದರ್ಶನದಾಗ ಏನ್ ಮಾಡ್ತಿ ನೋಡಿ ಹೇಳ್ತೀನಿ" ಎಂದಿದ್ದರು ತಂದೆ.

ಹುಡುಗ ಆರಿಸಿಕೊಂಡದ್ದು ಬೀಕರಿನಿಂದ ನೈಲಾನ್ ನೂಲು ಎಳೆಯುವ ಪ್ರಯೋಗ. ಡ್ಯುಪಾಂಟ್ ಕಂಪನಿಯ ಪಾಲ್ ಮಾರ್ಗನ್ ಮತ್ತು ಸ್ಟೆಫನಿ ಕ್ವೊಲೆಕ್ 1959ರಲ್ಲಿ ಪ್ರಕಟಿಸಿದ್ದು ಇದು. ಕೆಳಗೆ ಹೆಕ್ಸಾಮಿಥಿಲೀನ್ ಡೈಅಮೈನ್ ಕರಗಿಸಿದ ನೀರು. ಅದರ ಮೇಲೆ ನಿಧಾನವಾಗಿ ಸುರಿದ, ಸೆಬಾಕಾಯಿಲ್ ಕ್ಲೋರೈಡ್ ಬೆರೆಸಿದ ಹೆಕ್ಸೇನ್. ಎರಡು ದ್ರವಗಳೂ ಒಂದಾಗುವುದಿಲ್ಲ. ಅವು ಕೂಡುವಲ್ಲಿ ಹಾಲಿನ ಕೆನೆಯಂಥ ಪೊರೆ ಕಟ್ಟುತ್ತದೆ. ಅದನ್ನು ಇಕ್ಕಳದಿಂದ ಮೇಲೆತ್ತಿದರೆ ನೂಲಾಗಿ ಬರುತ್ತಲೇ ಇರಬೇಕು.

ಅಂದು ಬರಲಿಲ್ಲ. ಗೇಣುದ್ದ ಬಂದದ್ದು ಹರಿಯಿತು. ಮತ್ತೆ ಹಿಡಿದರೆ ಬೆರಳುದ್ದ, ಆಮೇಲೆ ಬರೀ ಚೂರು. ತೀರ್ಪುಗಾರರು ಮುಂದಿನ ಮೇಜಿಗೆ ಹೋದರು. ಅರ್ಧ ದಿನದ ರಜೆ ಹಾಕಿ ಬಂದಿದ್ದ ತಂದೆ ಚಿಗರಿ ಬಸ್ಸು ಹತ್ತುವ ಮುಂಚೆ ಒಂದೇ ಮಾತು ಹೇಳಿದರು: "ಹಗ್ಗ ಹರದ್ರ ಗಿರಾಕಿ ಮತ್ತ ಬರೂದಿಲ್ಲ."

ಮರುದಿನ ವಿಜ್ಞಾನದ ಅಕ್ಕೋರು ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ತಳದಲ್ಲಿ ಬಿಳಿ ಗಷ್ಟು. ಅದನ್ನು ಒಡೆದದ್ದು ಹಿಂದಿನ ಮಳೆಗಾಲದಲ್ಲಿ, ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ. ಗಾಳಿಯ ತೇವ ಸಾಕು, ಸೆಬಾಕಾಯಿಲ್ ಕ್ಲೋರೈಡು ಮರಳಿ ಸೆಬಾಸಿಕ್ ಆಮ್ಲವಾಗಲು. ನೈಲಾನಿನ ಅಣು ಎಂದರೆ ಕೈ ಕೈ ಹಿಡಿದು ನಿಂತ ಮಕ್ಕಳ ಸಾಲು. ಒಂದೇ ಕೈ ಖಾಲಿ ಇದ್ದವನು ನಡುವೆ ಬಂದರೆ ಸಾಲು ಅಲ್ಲಿಗೇ ನಿಲ್ಲುತ್ತದೆ. ಅರ್ಧ ಕೆಟ್ಟ ಅಣು ಮಾಡಿದ್ದು ಇದನ್ನೇ.

"ಈ ಆಮ್ಲ ಎಲ್ಲಿಂದ ಬರ್ತದ ಗೊತ್ತೇನು? ಔಡಲೆಣ್ಣಿಯಿಂದ" ಎಂದರು ಅಕ್ಕೋರು.

ಹುಡುಗ ನಂಬಲಿಲ್ಲ. ಔಡಲ ಅವನಿಗೆ ಗೊತ್ತಿಲ್ಲದ್ದೇನಲ್ಲ (ಮೈಸೂರು ಕಡೆ ಹರಳು ಎನ್ನುತ್ತಾರೆ). ನವಲಗುಂದದ ಕಡೆಯ ಊರಿನಲ್ಲಿ ಅವನ ಆಯಿ ಹೊಲದ ಬದುವಿನ ಔಡಲದ ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿದ ಎಣ್ಣೆಯನ್ನು ಬಳಿದು ತೆಗೆಯುತ್ತಾಳೆ. ಮಕ್ಕಳ ನೆತ್ತಿಗೂ ಅದೇ, ಹಿಂದೆ ಚಕ್ಕಡಿಯ ಅಚ್ಚಿಗೂ ಅದೇ. ಆ ಎಣ್ಣೆಯ ಬಹುಪಾಲು ರಿಸಿನೋಲಿಕ್ ಆಮ್ಲದ್ದು. ಅದರಲ್ಲಿ 18 ಕಾರ್ಬನ್. ಕಾಸ್ಟಿಕ್ ಸೋಡಾ ಜೊತೆ 250 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಅಣು ಒಡೆದು 10 ಕಾರ್ಬನ್ನಿನ ಸೆಬಾಸಿಕ್ ಆಮ್ಲದ ಲವಣವೂ 8 ಕಾರ್ಬನ್ನಿನ ಆಲ್ಕೋಹಾಲೂ ಆಗುತ್ತವೆ. ಲವಣಕ್ಕೆ ಆಮ್ಲ ಹಾಕಿದರೆ ಸೆಬಾಸಿಕ್ ಆಮ್ಲ ಬೇರೆಯಾಗುತ್ತದೆ. ಬಿಸಿ ನೀರಿನಲ್ಲಿ ಕರಗಿಸಿ, ಇದ್ದಲಿನಿಂದ ಬಣ್ಣ ಕಳೆದು, ಆರಿಸಿದರೆ ಬಿಳಿಯ ಹರಳು. ಔಡಲ ಬೆಳೆಯುವುದರಲ್ಲಿ ಜಗತ್ತಿಗೇ ಭಾರತ ಮೊದಲು. ಅದರಲ್ಲಿ ಸಿಂಹಪಾಲು ಗುಜರಾತಿನದು.

ಭಾನುವಾರ ಊರಿಗೆ ಹೋದ ಹುಡುಗ ಇದನ್ನೆಲ್ಲ ಹೇಳಿದಾಗ ಆಯಿ ನಕ್ಕಳು. ಎಣ್ಣೆಯನ್ನು ಎರಡನೆಯ ಸಲ ಒಲೆಗೆ ಇಟ್ಟು, ಚಟಚಟ ಸದ್ದು ನಿಲ್ಲುವವರೆಗೆ ಕಾಯಿಸುತ್ತ, "ನೀರಿನ ಪಸೆ ಉಳದ್ರ ಎಣ್ಣಿ ಕೆಡತೈತಿ" ಎಂದಳು. ಬಾಟಲಿ ಕೆಟ್ಟದ್ದೂ ನೀರಿನಿಂದಲೇ!

ಕಾರ್ಖಾನೆಯವರ ಕಾಳಜಿಯೂ ಇಂಥದೇ. ಡ್ಯುಪಾಂಟಿನಲ್ಲಿ ವ್ಯಾಲೇಸ್ ಕರಾಥರ್ಸ್ ತಂಡ 1935ರಲ್ಲಿ ಮಾಡಿದ ನೈಲಾನ್ 66ಕ್ಕೆ ಅಡಿಪಿಕ್ ಆಮ್ಲ ಮತ್ತು ಡೈಅಮೈನ್ ಸರಿಸಮ ಇರಬೇಕು. ಒಂದು ನೂರಕ್ಕೆ ಒಂದರಷ್ಟು ಹೆಚ್ಚಾದರೂ ಸಾಲು ಸರಾಸರಿ 200 ಕೊಂಡಿಗಳ ಸುಮಾರಿಗೆ ನಿಲ್ಲುತ್ತದೆ. ಐದರಷ್ಟು ಹೆಚ್ಚಾದರೆ 40ಕ್ಕೆ. ಅಷ್ಟು ನಾಜೂಕಾಗಿ ತೂಗುವುದು ಕಷ್ಟ. ಆದ್ದರಿಂದ ಎರಡನ್ನೂ ಮೊದಲು ಕೂಡಿಸಿ 'ನೈಲಾನ್ ಲವಣ' ಮಾಡುತ್ತಾರೆ. ಹರಳುಗಟ್ಟುವಾಗ ಒಂದಕ್ಕೊಂದರ ಜೋಡಿಯೇ ಹರಳಾಗುತ್ತದೆ, ಹೆಚ್ಚಿನದು ದ್ರಾವಣದಲ್ಲೇ ಉಳಿಯುತ್ತದೆ. ತಕ್ಕಡಿಯ ಕೆಲಸವನ್ನು ಹರಳಿಗೆ ವಹಿಸಿದಂತೆ. ನಮ್ಮ ದೇಶದಲ್ಲಿ ವಡೋದರಾದ ಜಿಎಸ್‌ಎಫ್‌ಸಿ ಮಾಡುವ ಕ್ಯಾಪ್ರೊಲ್ಯಾಕ್ಟಮ್ ನೈಲಾನ್ 6ರ ಮೂಲವಸ್ತು. ಇದು ಎಷ್ಟು ಶುದ್ಧ ಎಂದು ನೋಡಲು ಒಂದು ಪರೀಕ್ಷೆಯಿದೆ. ಶಾಲೆಯಲ್ಲಿ ಎಲ್ಲರೂ ನೋಡಿರುವ ಪೊಟ್ಯಾಸಿಯಂ ಪರ್ಮಾಂಗನೇಟಿನ ನೇರಳೆ ಬಣ್ಣ ಅದರಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಗಡಿಯಾರ ಹಿಡಿದು ಎಣಿಸುವುದು. ಬೇಗ ಬಣ್ಣ ಹೋದರೆ ಕಲ್ಮಶವಿದೆ ಎಂದರ್ಥ.

ಹುಡುಗ ಅಂಗಡಿಗೂ ಹೋಗಿ ಒಂದು ತಂಟೆ ಮಾಡಿದ. 'ನೈಲಾನ್ ಹಗ್ಗ'ಗಳ ತುಂಡುಗಳನ್ನು ಬಕೆಟ್ ನೀರಿಗೆ ಒಗೆದ. ಹೆಚ್ಚಿನವು ತೇಲಿದವು. ನೈಲಾನ್ ನೀರಿಗಿಂತ ಭಾರ, ತೇಲುವವು ಪಾಲಿಪ್ರೊಪಿಲೀನ್. ಇಷ್ಟು ವರ್ಷ ಹಗ್ಗ ಮಾರಿದ ತಂದೆ ಬಕೆಟ್ಟನ್ನೇ ನೋಡುತ್ತ ನಿಂತರಂತೆ.

ಮುಂದಿನ ಶನಿವಾರ ಹೊಸ ಬಾಟಲಿ ಬಂತು. ಕಿಟಕಿ ತೆರೆದು, ಅಕ್ಕೋರೂ ಹುಡುಗನೂ ಕೈಗವಸು ತೊಟ್ಟರು. ತಂದೆ ಬಾಗಿಲಲ್ಲಿ ನಿಂತರು. ನೂಲು ಬಂತು. ಪ್ರನಾಳಕ್ಕೆ ಸುತ್ತಿದಷ್ಟೂ ಬಂತು, ದ್ರವ ಮುಗಿಯುವವರೆಗೆ. ತೊಳೆದು ಒಣಗಿಸಿ ಕೊಟ್ಟಾಗ ತಂದೆ ರೂಢಿಯಂತೆ ಎರಡೂ ಹೆಬ್ಬೆರಳಿಗೆ ಸುತ್ತಿ ಜಗ್ಗಿದರು. ಹರಿಯಿತು.

"ಅಂಗಡಿ ಹುರಿಯಷ್ಟು ಗಟ್ಟಿ ಇಲ್ಲಲ್ರಿ."

"ಇಲ್ಲರಿ. ಕಾರ್ಖಾನ್ಯಾಗ ಕರಗಿಸಿ ಎಳೆ ತೆಗೆದು, ಆ ಎಳಿನ ಮತ್ತ ಎಳೆದು ಹಿಗ್ಗಸ್ತಾರ. ಅವಾಗ ಗಟ್ಟಿ ಆಗ್ತದ" ಎಂದರು ಅಕ್ಕೋರು.

ತಂದೆ ಹರಿದ ತುದಿಗಳನ್ನು ಬೆರಳಲ್ಲಿ ಹೊಸೆಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಆ ಹಿಗ್ಗಸೂದು ಯಾವ ಇಯತ್ತೆದಾಗ ಕಲಸ್ತಾರ್ರಿ?"