ಚಳಿಗಾಳಿಯಲ್ಲಿ ಒಂದು ಹಗಲು

ಪುಷ್ಯಮಾಸದಲ್ಲಿ ಕೋಲಾರದ ಶತಶೃಂಗ ಪರ್ವತವನ್ನು ಹತ್ತಿದವರಿಗೆ ಅಲ್ಲಿಯ ಗಾಳಿಯನ್ನು ವರ್ಣಿಸಬೇಕಾದುದಿಲ್ಲ. ಅಂತರಗಂಗೆಯ ಮೆಟ್ಟಿಲುಗಳನ್ನು ಏರುವವರೆಗೆ ಮೈ ಬೆಚ್ಚಗಿರುತ್ತದೆ. ಗುಡಿಯನ್ನು ದಾಟಿ ಬಂಡೆಗಳ ಸಂದಿಯಿಂದ ತೇರಹಳ್ಳಿಯ ಕಡೆಗೆ ತಲೆಯೆತ್ತಿದೊಡನೆ, ಹೊದ್ದ ಶಾಲನ್ನು ಕಸಿದುಕೊಳ್ಳುವಂತೆ ಅದು ಬೀಸುತ್ತದೆ. ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ ಈ ಬೆಟ್ಟವೇ ನನಗೆ ಪಾಠಶಾಲೆಯಾಗಿದೆ.

ಮೊನ್ನೆ ಹಳೆಯ ಶಿಷ್ಯನೊಬ್ಬನು ನನ್ನ ಜೊತೆಗೆ ಬಂದಿದ್ದನು. ಶ್ರೀನಿವಾಸಪುರದ ಕಡೆ ಮಾವಿನ ತೋಪಿರುವ ಮನೆಯ ಹುಡುಗ. ಹವಾಮಾನದ ಇಲಾಖೆಗೆ ಸೇರಿ, ದಕ್ಷಿಣಧ್ರುವಖಂಡದಲ್ಲಿ ನಮ್ಮ ದೇಶದವರು 1988–89ರಲ್ಲಿ ಕಟ್ಟಿದ 'ಮೈತ್ರಿ' ಎಂಬ ನೆಲೆಯಲ್ಲಿ ಒಂದು ವರ್ಷವಿದ್ದು ಬಂದವನು. ನಾನು ನಡುಗುವುದನ್ನು ಕಂಡು ಅವನು ನಕ್ಕು, "ಮೇಷ್ಟ್ರೇ, ಅಲ್ಲಿಯ ಗಾಳಿಯ ಮುಂದೆ ಇದು ಮಗುವಿನ ಉಸಿರು" ಎಂದನು.

ಆಮೇಲೆ ಅಲ್ಲಿ ತಾನು ಒಂದು ಹಗಲೆಲ್ಲಾ ನಡೆದ ಸಂಗತಿಯನ್ನು ಹೇಳಿದನು. ಮೈತ್ರಿಯಿರುವುದು ಶಿರ್ಮಾಕರ್ ಎಂಬ ಬಂಡೆಗಳ ನಾಡಿನಲ್ಲಿ. ಸುತ್ತಲೂ ಹಿಮ, ನಡುವೆ ಸುಮಾರು 35 ಚದರ ಕಿಲೋಮೀಟರ್ ಬರಿಯ ಕಲ್ಲು, ಅದರೊಳಗೆ ನೂರಕ್ಕೆ ಮೇಲ್ಪಟ್ಟ ಕೊಳಗಳು. ಒಬ್ಬನೇ ಹೊರಡುವಂತಿಲ್ಲ, ಆದಕಾರಣ ಮೂವರು ಹೊರಟರಂತೆ. ಗಿಡವಿಲ್ಲ, ಮರವಿಲ್ಲ, ಕಲ್ಲಿಗಂಟಿದ ಪಾಚಿಯೇ ಅಲ್ಲಿಯ ವನ. ಸ್ಕುವಾ ಎಂಬ ಕಂದುಬಣ್ಣದ ಹಕ್ಕಿಯೊಂದು ತಲೆಯ ಮೇಲೆಯೇ ಸುತ್ತುತ್ತಿದ್ದಿತು. ದಕ್ಷಿಣದ ಎತ್ತರವಾದ ಹಿಮಪ್ರದೇಶದಲ್ಲಿ ತಣಿದ ಗಾಳಿಯು ಭಾರವಾಗಿ, ಇಳಿಜಾರಿನಲ್ಲಿ ನೀರು ಹರಿಯುವಂತೆ ಕೆಳಕ್ಕೆ ಜಾರಿ ಬರುತ್ತದೆ. ಅದಕ್ಕೆ ಎದುರಾಗಿ ನಡೆಯುವಾಗ ಮೂವರಿದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು.

ನಾನು ತರಗತಿಯಲ್ಲಿ ಸೂರ್ಯಸಿದ್ಧಾಂತದ ವಿಷಯವನ್ನು ಹೇಳಿ, ಮೇರುವಿನಲ್ಲಿಯೂ ಅದಕ್ಕೆದುರಾದ ದಕ್ಷಿಣ ಕೊನೆಯಲ್ಲಿಯೂ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಎಂದಾಗ, "ನೋಡಿದವರುಂಟೇ?" ಎಂದು ಕೇಳಿದವನು ಇವನೇ. ನಾನು ಗದರಿಸಿ ಕೂರಿಸಿದ್ದೆನು. ಈಗ ಅವನೇ ನೋಡಿ ಬಂದಿದ್ದಾನೆ. ಮೈತ್ರಿಯು ಧ್ರುವದಿಂದ ಈಚೆಗಿರುವುದರಿಂದ ಅಲ್ಲಿ ಸೂರ್ಯನಿಲ್ಲದ ರಾತ್ರಿ ಎರಡು ತಿಂಗಳಂತೆ. ಅದನ್ನು ಹೇಳಿ ಅವನು ಸುಮ್ಮನಾದನು.

ಬಹಳ ಹೊತ್ತಿನ ಮೇಲೆ, "ಆ ಕತ್ತಲೆಯಲ್ಲಿಯೇ ಅಮ್ಮ ಹೋದ ಸುದ್ದಿ ಬಂದದ್ದು, ಮೇಷ್ಟ್ರೇ" ಎಂದನು. ಚಳಿಗಾಲದಲ್ಲಿ ಅಲ್ಲಿಗೆ ಹಡಗೂ ಇಲ್ಲ, ವಿಮಾನವೂ ಇಲ್ಲ. ತಮ್ಮನು ಚಿತೆಗೆ ಬೆಂಕಿಯಿಟ್ಟನು. ತಾಯಿಯ ಬಾಯಿಗೆ ನೀರು ಬಿಡದ ಮಗನೆಂದು ನೆಂಟರು ಈಗಲೂ ಆಡುತ್ತಾರೆ. "ತಾವು ಶಾಸ್ತ್ರ ಓದಿದವರು. ನನ್ನದು ತಪ್ಪೇ?"

"ಆ ದಿನ ನೀನು ಏನು ಮಾಡಿದೆ?" ಎಂದೆನು.

"ಹಿಮದ ಗಡ್ಡೆಯೊಂದನ್ನು ಕರಗಿಸಿ, ಹೊರಗೆ ಬಂದು, ಅಮ್ಮನ ಹೆಸರು ಹೇಳಿ ಬಂಡೆಯ ಮೇಲೆ ಬಿಟ್ಟೆ. ನೆಲಕ್ಕೆ ಬೀಳುವುದರೊಳಗೆ ಗಾಳಿ ಎತ್ತಿಕೊಂಡುಹೋಯಿತು."

ದೂರದೇಶದಲ್ಲಿದ್ದು ತಂದೆತಾಯಿಗಳ ಮರಣವಾರ್ತೆಯನ್ನು ಕೇಳಿದ ಮಗನಿಗೆ, ಕೇಳಿದ ದಿನದಿಂದಲೇ ಹತ್ತು ದಿನಗಳ ಆಶೌಚವೆಂದು ಧರ್ಮಶಾಸ್ತ್ರವು ವಿಧಿಸಿದೆ. ಮಕ್ಕಳು ದೂರ ಹೋಗುವರೆಂಬುದನ್ನು ಹಿರಿಯರು ಅರಿಯದವರಲ್ಲ, ಅರಿತೇ ದಾರಿಯಿಟ್ಟರು. ಇದನ್ನು ನಾನು ಹೇಳಿದೆನು. ಆದರೆ ಅಷ್ಟನ್ನೇ ಹೇಳಿ ಪಂಡಿತನಂತೆ ಕುಳಿತಿರಲು ಮನಸ್ಸು ಒಪ್ಪಲಿಲ್ಲ. ಮನೆಯವಳಿಗೂ ಹೇಳದಿದ್ದ ಮಾತೊಂದು ಬಾಯಿಗೆ ಬಂದಿತು.

"ಅಪ್ಪಾ, ನನ್ನ ತಾಯಿ ಮುಳಬಾಗಿಲಿನಲ್ಲಿ ಕಾಯಿಲೆಯಾಗಿ ಮಲಗಿದ್ದಾಗ ನಾನು ಮಾಲೂರಿನಲ್ಲಿದ್ದೆ. ಎರಡು ಗಂಟೆಯ ದಾರಿ, ಬಸ್ಸೂ ಇದ್ದಿತು. ಪರೀಕ್ಷೆಯ ಪತ್ರಿಕೆಗಳನ್ನು ತಿದ್ದಿ ಮುಗಿಸಿ ನಾಳೆ ಹೋಗೋಣವೆಂದೆ. ಆ ನಾಳೆ ಅವಳಿಗೆ ಬರಲಿಲ್ಲ. ಕ್ರಿಯೆಗಳೆಲ್ಲವನ್ನೂ ಸಾಂಗವಾಗಿ ಮಾಡಿದೆ, ಊರು ಮೆಚ್ಚಿತು. ನಿನ್ನನ್ನು ತಡೆದುದು ಸಮುದ್ರ. ನನ್ನನ್ನು ತಡೆದುದೇನು?"

ಅವನು ಉತ್ತರ ಕೊಡಲಿಲ್ಲ. ಹಾರಿಹೋಗುತ್ತಿದ್ದ ನನ್ನ ಶಾಲನ್ನು ಹಿಡಿದು ಹೆಗಲಿಗೆ ಸುತ್ತಿದನು.

ಇಳಿಯುವಾಗ ಅಂತರಗಂಗೆಯ ಬಳಿ ನಿಂತೆವು. ನಮ್ಮದು ವರ್ಷವೆಲ್ಲಾ ಹರಿಯುವ ನದಿಯಿಲ್ಲದ ಜಿಲ್ಲೆ. ಕಲ್ಲಿನ ಬಸವನ ಬಾಯಿಂದ ಬೀಳುವ ಈ ಸಣ್ಣ ಧಾರೆಯೇ ನಮಗೆ ಗಂಗೆ. ಭೂಮಿಯ ಸಿಹಿನೀರಿನ ಬಹುಭಾಗವೂ ಹಿಮವಾಗಿ ನಿಂತಿರುವ ಆ ಖಂಡದಲ್ಲಿ ನಮ್ಮವರು 1983–84ರಲ್ಲಿ ಕಟ್ಟಿದ ಮೊದಲ ನೆಲೆಗೆ ಇಟ್ಟ ಹೆಸರು 'ದಕ್ಷಿಣಗಂಗೋತ್ರಿ'. ಅದು ಕ್ರಮೇಣ ಹಿಮದಲ್ಲಿ ಹೂತುಹೋಯಿತಂತೆ. ಎಷ್ಟು ದೂರ ಹೋದರೂ ಮನುಷ್ಯನು ತನ್ನ ಗಂಗೆಯನ್ನು ಹೆಸರಿನಲ್ಲಾದರೂ ಕೊಂಡೊಯ್ಯುತ್ತಾನೆ.

ಶಿಷ್ಯನು ಬೊಗಸೆಯೊಡ್ಡಿದನು. ಅವನ ಪಕ್ಕದಲ್ಲಿ ನಾನೂ ಒಡ್ಡಿದೆನು. ಯಾರ ಹೆಸರನ್ನು ಹೇಳಿಕೊಂಡೆವೆಂದು ಒಬ್ಬರನ್ನೊಬ್ಬರು ಕೇಳಲಿಲ್ಲ. ನೀರು ಬಹಳ ತಣ್ಣಗಿದ್ದಿತು.